ದೀರ್ಘಕಾಲೀನ ವೈರಾಣುಜನ್ಯ ಯಕೃತ್ ರೋಗದಲ್ಲಿ ವಿಟಮಿನ್ ಡಿ

ದೀರ್ಘಕಾಲೀನ ವೈರಾಣುಜನ್ಯ ಯಕೃತ್ ರೋಗದಲ್ಲಿ ವಿಟಮಿನ್ ಡಿ ವಹಿಸುವ ಪಾತ್ರವು ಪೋಷಣಶಾಸ್ತ್ರ, ರೋಗನಿರೋಧಶಾಸ್ತ್ರ ಮತ್ತು ಯಕೃತ್ ವೈದ್ಯಶಾಸ್ತ್ರಗಳು ಸೇರುವ ಒಂದು ಅಧ್ಯಯನ ವಿಷಯವಾಗಿದೆ. ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ವೈರಾಣುಗಳ ಸೋಂಕು ಬಹುಕಾಲ ಉಳಿದಿರುವ ರೋಗಿಗಳಲ್ಲಿ ವಿಟಮಿನ್ ಡಿ ಕೊರತೆಯು ಸಾಮಾನ್ಯವಾಗಿ ಕಂಡುಬರುತ್ತದೆ. ರೋಗ ತೀವ್ರವಾದಷ್ಟೂ ಈ ಕೊರತೆ ಹೆಚ್ಚುವುದನ್ನು ಅನೇಕ ಅಧ್ಯಯನಗಳು ದಾಖಲಿಸಿವೆ. ಆದರೆ ಕೊರತೆಯೇ ರೋಗವನ್ನು ಉಲ್ಬಣಗೊಳಿಸುತ್ತದೆಯೇ ಅಥವಾ ರೋಗಗ್ರಸ್ತ ಯಕೃತ್ತೇ ಕೊರತೆಯನ್ನು ಉಂಟುಮಾಡುತ್ತದೆಯೇ ಎಂಬ ಪ್ರಶ್ನೆಯು ಈ ಅಧ್ಯಯನಗಳ ಕೇಂದ್ರದಲ್ಲಿದೆ. ಈವರೆಗಿನ ಆಧಾರಗಳ ಪ್ರಕಾರ ವಿಟಮಿನ್ ಡಿ ಪೂರಣವು ಮೂಳೆಗಳ ಆರೋಗ್ಯಕ್ಕೆ ಅಗತ್ಯವಾಗಬಹುದಾದರೂ, ಅದು ವೈರಾಣು ಸೋಂಕಿಗೆ ಚಿಕಿತ್ಸೆಯೆಂದು ಸಾಬೀತಾಗಿಲ್ಲ.

ಹಿನ್ನೆಲೆ

ಯಕೃತ್ತು ಅಥವಾ ಪಿತ್ತಜನಕಾಂಗದ ಉರಿಯೂತಕ್ಕೆ ಹೆಪಟೈಟಿಸ್ ಎಂದು ಹೆಸರು. ವೈರಾಣು ಸೋಂಕು ಆರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲೀನ ಸೋಂಕು ಎಂದು ಪರಿಗಣಿಸಲಾಗುತ್ತದೆ. ಹೆಪಟೈಟಿಸ್ ಎ ಮತ್ತು ಇ ವೈರಾಣುಗಳು ಸಾಮಾನ್ಯವಾಗಿ ಅಲ್ಪಕಾಲದ ಕಾಯಿಲೆಯನ್ನು ಮಾತ್ರ ತರುತ್ತವೆ. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು ದಶಕಗಳ ಕಾಲ ದೇಹದಲ್ಲಿ ಉಳಿಯಬಲ್ಲವು. ಹೆಪಟೈಟಿಸ್ ಡಿ ವೈರಾಣು ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಮಾತ್ರ ವೃದ್ಧಿಯಾಗುತ್ತದೆ. ಹೆಸರಿನಲ್ಲಿ ಹೋಲಿಕೆ ಇದ್ದರೂ ಹೆಪಟೈಟಿಸ್ ಡಿ ರೋಗಕ್ಕೂ ವಿಟಮಿನ್ ಡಿ ಪೋಷಕಾಂಶಕ್ಕೂ ಸಂಬಂಧವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 25.4 ಕೋಟಿ ಜನರು ಹೆಪಟೈಟಿಸ್ ಬಿ ಸೋಂಕಿನೊಂದಿಗೂ, ಸುಮಾರು 5 ಕೋಟಿ ಜನರು ಹೆಪಟೈಟಿಸ್ ಸಿ ಸೋಂಕಿನೊಂದಿಗೂ ಬದುಕುತ್ತಿದ್ದರು. ಅದೇ ವರ್ಷ ವೈರಾಣು ಹೆಪಟೈಟಿಸ್‌ನಿಂದ ಸುಮಾರು 13 ಲಕ್ಷ ಜನರು ಮೃತಪಟ್ಟರು. ಭಾರತದಲ್ಲಿ ಈ ಎರಡು ಸೋಂಕುಗಳಿರುವವರ ಸಂಖ್ಯೆ ಕ್ರಮವಾಗಿ ಸುಮಾರು 2.98 ಕೋಟಿ ಮತ್ತು 55 ಲಕ್ಷ ಎಂದು ಅಂದಾಜಿಸಲಾಗಿದೆ.

ದೀರ್ಘಕಾಲೀನ ಸೋಂಕಿನಲ್ಲಿ ಯಕೃತ್ತಿನ ಜೀವಕೋಶಗಳು ಮತ್ತೆ ಮತ್ತೆ ಹಾನಿಗೊಳಗಾಗುತ್ತವೆ. ಹಾನಿಯಾದ ಕಡೆ ನಾರಿನಂತಹ ಗಾಯದ ಅಂಗಾಂಶ ಕೂಡಿಕೊಳ್ಳುತ್ತದೆ. ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಇದು ಮುಂದುವರಿದು ಯಕೃತ್ತಿನ ರಚನೆಯೇ ಬದಲಾಗಿ ಗಂಟುಗಂಟಾದ ಸ್ಥಿತಿಯೇ ಸಿರೋಸಿಸ್. ಸಿರೋಸಿಸ್ ಆದವರಲ್ಲಿ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಯಕೃತ್ತಿನ ವೈಫಲ್ಯ ಮತ್ತು ಯಕೃತ್ತಿನ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿರುತ್ತದೆ. ಈ ಬದಲಾವಣೆಗಳು ನಡೆಯುವ ಬಹುಪಾಲು ಕಾಲ ರೋಗಿಗೆ ಕಾಮಾಲೆಯಾಗಲಿ ನೋವಾಗಲಿ ಇರುವುದಿಲ್ಲ. ಆದ್ದರಿಂದ ರಕ್ತಪರೀಕ್ಷೆಯಿಲ್ಲದೆ ರೋಗ ಪತ್ತೆಯಾಗುವುದು ವಿರಳ.

ವಿಟಮಿನ್ ಡಿ ಚಯಾಪಚಯದಲ್ಲಿ ಯಕೃತ್ತಿನ ಸ್ಥಾನ

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ಜೀವಸತ್ವ. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಬಿ ಕಿರಣಗಳು ಚರ್ಮದ ಮೇಲೆ ಬಿದ್ದಾಗ, ಅಲ್ಲಿರುವ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ಪದಾರ್ಥದಿಂದ ವಿಟಮಿನ್ ಡಿ3 ತಯಾರಾಗುತ್ತದೆ. ಕೊಬ್ಬಿರುವ ಮೀನು, ಮೊಟ್ಟೆಯ ಹಳದಿ ಭಾಗ ಮತ್ತು ವಿಟಮಿನ್ ಸೇರಿಸಿದ ಹಾಲು ಹಾಗೂ ಎಣ್ಣೆಗಳಿಂದಲೂ ಅದು ಅಲ್ಪ ಪ್ರಮಾಣದಲ್ಲಿ ದೊರೆಯುತ್ತದೆ. ನೇರಳಾತೀತ ಕಿರಣಕ್ಕೆ ಒಡ್ಡಿದ ಅಣಬೆಗಳಲ್ಲಿ ವಿಟಮಿನ್ ಡಿ2 ಇರುತ್ತದೆ.

ಈ ರೂಪಗಳಲ್ಲಿ ವಿಟಮಿನ್ ಡಿ ಕ್ರಿಯಾಶೀಲವಲ್ಲ. ಅದು ಎರಡು ಹಂತಗಳಲ್ಲಿ ಬದಲಾಗಬೇಕು. ಮೊದಲ ಹಂತ ನಡೆಯುವುದು ಯಕೃತ್ತಿನಲ್ಲಿ. ಅಲ್ಲಿ ಮುಖ್ಯವಾಗಿ ಸಿವೈಪಿ2ಆರ್1 ಎಂಬ ಕಿಣ್ವದ ನೆರವಿನಿಂದ ಅದು 25-ಹೈಡ್ರಾಕ್ಸಿವಿಟಮಿನ್ ಡಿ ಆಗುತ್ತದೆ. ಎರಡನೆಯ ಹಂತ ಮುಖ್ಯವಾಗಿ ಮೂತ್ರಪಿಂಡದಲ್ಲಿ ನಡೆದು, ಕ್ಯಾಲ್ಸಿಟ್ರಯಾಲ್ ಎಂಬ ಕ್ರಿಯಾಶೀಲ ಹಾರ್ಮೋನು ರೂಪುಗೊಳ್ಳುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಮತ್ತು ಮೂಳೆಗಳು ಗಟ್ಟಿಯಾಗಿರಲು ಈ ಹಾರ್ಮೋನು ಅಗತ್ಯ.

ರಕ್ತದಲ್ಲಿ ವಿಟಮಿನ್ ಡಿಯನ್ನು ಹೊತ್ತೊಯ್ಯುವ ಬಂಧಕ ಪ್ರೋಟೀನ್ ಮತ್ತು ಅಲ್ಬುಮಿನ್ ಕೂಡ ಯಕೃತ್ತಿನಲ್ಲಿಯೇ ತಯಾರಾಗುತ್ತವೆ. ಆಹಾರದಲ್ಲಿನ ಕೊಬ್ಬನ್ನೂ ಅದರೊಂದಿಗೆ ವಿಟಮಿನ್ ಡಿಯನ್ನೂ ಹೀರಿಕೊಳ್ಳಲು ಬೇಕಾದ ಪಿತ್ತರಸವನ್ನು ಸ್ರವಿಸುವುದೂ ಯಕೃತ್ತೇ. ಹೀಗೆ ಹೀರಿಕೆ, ರೂಪಾಂತರ ಮತ್ತು ಸಾಗಣೆ ಎಂಬ ಮೂರೂ ಕಾರ್ಯಗಳು ಒಂದೇ ಅಂಗವನ್ನು ಅವಲಂಬಿಸಿವೆ.

ಕೊರತೆಯ ಮಾಪನ

ದೇಹದಲ್ಲಿನ ವಿಟಮಿನ್ ಡಿ ಪ್ರಮಾಣವನ್ನು ತಿಳಿಯಲು ರಕ್ತದಲ್ಲಿನ 25-ಹೈಡ್ರಾಕ್ಸಿವಿಟಮಿನ್ ಡಿ ಮಟ್ಟವನ್ನು ಅಳೆಯುತ್ತಾರೆ. ಇದು ರಕ್ತದಲ್ಲಿ ಎರಡು ಮೂರು ವಾರಗಳ ಅರ್ಧಾಯುಷ್ಯವನ್ನು ಹೊಂದಿರುವುದರಿಂದ ದೇಹದ ಸಂಗ್ರಹವನ್ನು ಚೆನ್ನಾಗಿ ಸೂಚಿಸುತ್ತದೆ. ಕ್ಯಾಲ್ಸಿಟ್ರಯಾಲ್‌ನ ಅರ್ಧಾಯುಷ್ಯ ಕೆಲವು ಗಂಟೆಗಳು ಮಾತ್ರ.

ಪ್ರತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಮಟ್ಟವನ್ನು ಕೊರತೆಯೆಂದು ಪರಿಗಣಿಸುವುದು ವ್ಯಾಪಕವಾಗಿದೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯು 2011ರಲ್ಲಿ 30 ನ್ಯಾನೋಗ್ರಾಂ ಮಟ್ಟವನ್ನು ಸಾಕಷ್ಟು ಎಂದು ಸೂಚಿಸಿತ್ತು. 2024ರ ಮಾರ್ಗಸೂಚಿಯಲ್ಲಿ ಅದು ಈ ನಿರ್ದಿಷ್ಟ ಗುರಿಯನ್ನು ಕೈಬಿಟ್ಟಿತು. ಮಾನದಂಡ ಬದಲಾದಂತೆ ಕೊರತೆಯುಳ್ಳವರ ಸಂಖ್ಯೆಯೂ ಬದಲಾಗುವುದರಿಂದ, ಬೇರೆ ಬೇರೆ ಅಧ್ಯಯನಗಳ ಶೇಕಡಾವಾರು ಲೆಕ್ಕಗಳನ್ನು ನೇರವಾಗಿ ಹೋಲಿಸುವುದು ಸರಿಯಾಗದು.

ಸಿರೋಸಿಸ್ ರೋಗಿಗಳಲ್ಲಿ ಮತ್ತೊಂದು ತೊಡಕು ಇದೆ. ಸಾಮಾನ್ಯ ಪರೀಕ್ಷೆಯು ಪ್ರೋಟೀನಿಗೆ ಅಂಟಿಕೊಂಡಿರುವ ಭಾಗವನ್ನೂ ಸೇರಿಸಿ ಒಟ್ಟು ಪ್ರಮಾಣವನ್ನು ಅಳೆಯುತ್ತದೆ. ಯಕೃತ್ತು ದುರ್ಬಲಗೊಂಡು ಬಂಧಕ ಪ್ರೋಟೀನ್ ಕಡಿಮೆಯಾದಾಗ ಒಟ್ಟು ಪ್ರಮಾಣವೂ ಕಡಿಮೆಯಾಗಿ ಕಾಣುತ್ತದೆ. ಆದರೆ ಜೀವಕೋಶಗಳಿಗೆ ಸುಲಭವಾಗಿ ದೊರೆಯುವ ಮುಕ್ತ ಭಾಗವು ಅದೇ ಪ್ರಮಾಣದಲ್ಲಿ ಇಳಿದಿರಬೇಕೆಂದಿಲ್ಲ. ಆದ್ದರಿಂದ ಇಂಥವರಲ್ಲಿ ಪರೀಕ್ಷೆಯ ಅಂಕಿಯು ಕೊರತೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಾಧ್ಯತೆಯಿದೆ.

ಕೊರತೆಗೆ ಕಾರಣಗಳು

ವೈರಾಣುಜನ್ಯ ಯಕೃತ್ ರೋಗಿಗಳಲ್ಲಿ ವಿಟಮಿನ್ ಡಿ ಕಡಿಮೆಯಾಗಲು ಹಲವು ಕಾರಣಗಳು ಒಟ್ಟಿಗೆ ಸೇರುತ್ತವೆ. ಯಕೃತ್ತಿನಲ್ಲಿ ನಡೆಯುವ ಮೊದಲ ಹಂತದ ರೂಪಾಂತರವು ರೋಗದ ಬಹುಕಾಲದವರೆಗೆ ಸಾಕಷ್ಟು ಉಳಿದುಕೊಂಡಿರುತ್ತದೆ ಮತ್ತು ಸಿರೋಸಿಸ್ ತೀವ್ರವಾದ ಮೇಲೆಯೇ ಗಮನಾರ್ಹವಾಗಿ ಕುಗ್ಗುತ್ತದೆ. ಆದಕಾರಣ ಆರಂಭಿಕ ಹಂತದ ರೋಗಿಗಳಲ್ಲಿ ಕಾಣುವ ಕೊರತೆಗೆ ಯಕೃತ್ತಿನ ವೈಫಲ್ಯವನ್ನೇ ಕಾರಣವಾಗಿಸಲಾಗದು. ಬಿಸಿಲಿಗೆ ಮೈಯೊಡ್ಡದಿರುವುದು, ದಣಿವಿನಿಂದ ಮನೆಯೊಳಗೇ ಉಳಿಯುವುದು, ಹಸಿವು ಕಡಿಮೆಯಾಗುವುದು, ಸ್ಥೂಲಕಾಯ, ಮದ್ಯಪಾನ ಮತ್ತು ಪಿತ್ತರಸದ ಹರಿವಿಗೆ ಅಡ್ಡಿ ಇವು ಇತರ ಕಾರಣಗಳು.

ಸೋಂಕಿಲ್ಲದ ಜನಸಾಮಾನ್ಯರಲ್ಲಿಯೂ ಕೊರತೆ ವ್ಯಾಪಕವಾಗಿರುವುದನ್ನು ಇಲ್ಲಿ ಗಮನಿಸಬೇಕು. ಬಿಸಿಲು ಧಾರಾಳವಾಗಿರುವ ಭಾರತವೂ ಇದಕ್ಕೆ ಹೊರತಲ್ಲ. ಚರ್ಮದ ಕಪ್ಪು ವರ್ಣದ್ರವ್ಯ, ಮೈ ಮುಚ್ಚುವ ಉಡುಪು, ಒಳಾಂಗಣದ ಕೆಲಸ, ನಗರಗಳ ವಾಯುಮಾಲಿನ್ಯ ಮತ್ತು ಆಹಾರದಲ್ಲಿ ವಿಟಮಿನ್ ಡಿ ಮೂಲಗಳ ಅಭಾವ ಇದಕ್ಕೆ ಕಾರಣಗಳೆಂದು ಗುರುತಿಸಲಾಗಿದೆ. ಕರ್ನಾಟಕದ ಮುಖ್ಯ ಧಾನ್ಯಗಳಲ್ಲೊಂದಾದ ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. ಆದರೆ ಅದನ್ನು ಕರುಳು ಸರಿಯಾಗಿ ಹೀರಿಕೊಳ್ಳಲು ಬೇಕಾದ ವಿಟಮಿನ್ ಡಿ ಧಾನ್ಯಗಳಿಂದ ದೊರೆಯುವುದಿಲ್ಲ.

ಜೈವಿಕ ಕಾರ್ಯವಿಧಾನ

ವಿಟಮಿನ್ ಡಿ ಯಕೃತ್ ರೋಗದ ಮೇಲೆ ಪರಿಣಾಮ ಬೀರಬಹುದೆಂಬ ಊಹೆಗೆ ಪ್ರಯೋಗಾಲಯದ ಆಧಾರಗಳಿವೆ. ಕ್ಯಾಲ್ಸಿಟ್ರಯಾಲ್ ಜೀವಕೋಶದೊಳಗಿನ ವಿಟಮಿನ್ ಡಿ ಗ್ರಾಹಕಕ್ಕೆ ಅಂಟಿಕೊಂಡು ನೂರಾರು ಜೀನುಗಳ ಕಾರ್ಯವನ್ನು ನಿಯಂತ್ರಿಸುತ್ತದೆ. ಈ ಗ್ರಾಹಕವು ಯಕೃತ್ತಿನ ಮುಖ್ಯ ಜೀವಕೋಶಗಳಲ್ಲಿ ಅತ್ಯಲ್ಪವಾಗಿದ್ದು, ಅವುಗಳ ನಡುವೆ ಇರುವ ರೋಗನಿರೋಧಕ ಕೋಶಗಳಲ್ಲಿಯೂ ನಕ್ಷತ್ರಾಕಾರದ ಕೋಶಗಳಲ್ಲಿಯೂ ಹೆಚ್ಚಾಗಿದೆ.

ರೋಗನಿರೋಧ: ವಿಟಮಿನ್ ಡಿ ದೇಹದ ಸಹಜ ರೋಗನಿರೋಧ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ ಮತ್ತು ಅತಿಯಾದ ಉರಿಯೂತವನ್ನು ತಗ್ಗಿಸುತ್ತದೆ. ಸೂಕ್ಷ್ಮಾಣುಗಳನ್ನು ಕೊಲ್ಲುವ ಕ್ಯಾಥೆಲಿಸಿಡಿನ್ ಎಂಬ ಪೆಪ್ಟೈಡಿನ ಉತ್ಪಾದನೆಯನ್ನು ಅದು ಪ್ರಚೋದಿಸುವುದು 2006ರಲ್ಲಿ ಕ್ಷಯರೋಗದ ಅಧ್ಯಯನದಿಂದ ಪ್ರಸಿದ್ಧವಾಯಿತು.

ವೈರಾಣು ಪ್ರತಿರೋಧ: ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯಕೃತ್ ಕೋಶಗಳಲ್ಲಿ ವಿಟಮಿನ್ ಡಿ ಹೆಪಟೈಟಿಸ್ ಸಿ ವೈರಾಣುವಿನ ಉತ್ಪಾದನೆಯನ್ನು ಕುಗ್ಗಿಸುವುದನ್ನು 2011 ಮತ್ತು 2012ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಫೈಬ್ರೋಸಿಸ್ ತಡೆ: ಯಕೃತ್ತಿನಲ್ಲಿ ಗಾಯದ ನಾರನ್ನು ಉತ್ಪಾದಿಸುವವು ನಕ್ಷತ್ರಾಕಾರದ ಕೋಶಗಳು. ವಿಟಮಿನ್ ಡಿ ಗ್ರಾಹಕವು ಈ ಕೋಶಗಳಲ್ಲಿ ನಾರಿನ ಉತ್ಪಾದನೆಯನ್ನು ಪ್ರಚೋದಿಸುವ ಸಂಕೇತವನ್ನು ತಡೆಯುವುದನ್ನು ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಇಲಿಗಳ ಅಧ್ಯಯನದಿಂದ ವಿವರಿಸಿದರು. ಇಂತಹ ಪ್ರಯೋಗಗಳಿಗೂ ಮಿತಿಯಿದೆ. ಪ್ರಾಣಿಗಳಲ್ಲಿ ಫೈಬ್ರೋಸಿಸ್ ಉಂಟಾಗುವುದನ್ನು ವಿಟಮಿನ್ ಡಿ ತಡೆದರೂ, ಆಗಲೇ ನೆಲೆಗೊಂಡ ಸಿರೋಸಿಸ್ ಅನ್ನು ಅದು ಸರಿಪಡಿಸಲಿಲ್ಲವೆಂದು 2015ರ ಒಂದು ಅಧ್ಯಯನವು ವರದಿ ಮಾಡಿತು.

ಪ್ರಯೋಗಾಲಯದ ಕೋಶಗಳಿಗೆ ನೀಡುವ ಪ್ರಮಾಣವು ಮನುಷ್ಯನ ರಕ್ತದಲ್ಲಿ ಸುರಕ್ಷಿತವಾಗಿ ತಲುಪಬಹುದಾದ ಮಟ್ಟಕ್ಕಿಂತ ಹಲವು ಬಾರಿ ಅಧಿಕವಾಗಿರುತ್ತದೆ. ಆದಕಾರಣ ಈ ಫಲಿತಾಂಶಗಳು ಸಾಧ್ಯತೆಯನ್ನು ಸೂಚಿಸುತ್ತವೆಯೇ ಹೊರತು ಚಿಕಿತ್ಸೆಯ ಫಲವನ್ನು ಸ್ಥಾಪಿಸುವುದಿಲ್ಲ.

ಹೆಪಟೈಟಿಸ್ ಸಿ

ಹೆಪಟೈಟಿಸ್ ಸಿ ವೈರಾಣುವನ್ನು 1989ರಲ್ಲಿ ಗುರುತಿಸಲಾಯಿತು. ಈ ವೈರಾಣುವಿನ ಶೋಧಕ್ಕಾಗಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. 2010ರ ಸುಮಾರಿನವರೆಗೆ ಈ ರೋಗಕ್ಕೆ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರಿಬಾವೈರಿನ್ ಗುಳಿಗೆಗಳೇ ಮುಖ್ಯ ಚಿಕಿತ್ಸೆಯಾಗಿದ್ದವು. ವೈರಾಣುವಿನ ಒಂದನೆಯ ಜೀನ್ ಮಾದರಿಯ ಸೋಂಕಿರುವವರು 48 ವಾರ ಚಿಕಿತ್ಸೆ ಪಡೆದರೂ ಸುಮಾರು ಅರ್ಧದಷ್ಟು ಜನರು ಮಾತ್ರ ಗುಣಮುಖರಾಗುತ್ತಿದ್ದರು. ಜ್ವರ, ಖಿನ್ನತೆ ಮತ್ತು ರಕ್ತಹೀನತೆಯಂತಹ ಅಡ್ಡಪರಿಣಾಮಗಳೂ ಇದ್ದವು. ಈ ಚಿಕಿತ್ಸೆಯ ಫಲವನ್ನು ಹೆಚ್ಚಿಸುವ ಅಗ್ಗದ ಉಪಾಯವೊಂದರ ಹುಡುಕಾಟವೇ ವಿಟಮಿನ್ ಡಿ ಕಡೆಗೆ ಸಂಶೋಧಕರ ಗಮನವನ್ನು ಸೆಳೆಯಿತು.

ಇಟಲಿಯ ಪಲೆರ್ಮೊದಲ್ಲಿ 197 ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಫೈಬ್ರೋಸಿಸ್ ಹೆಚ್ಚಾಗಿಯೂ ಇಂಟರ್‌ಫೆರಾನ್ ಫಲ ಕಡಿಮೆಯಾಗಿಯೂ ಇರುವುದನ್ನು ತೋರಿಸಿತು. ಮರುವರ್ಷ ಇಸ್ರೇಲಿನಲ್ಲಿ 72 ರೋಗಿಗಳ ಮೇಲೆ ನಡೆದ ಪ್ರಯೋಗವು ಹೆಚ್ಚಿನ ಭರವಸೆ ಮೂಡಿಸಿತು. ಅದರಲ್ಲಿ ಮಾಮೂಲು ಚಿಕಿತ್ಸೆಯೊಂದಿಗೆ ದಿನಕ್ಕೆ 2,000 ಅಂತಾರಾಷ್ಟ್ರೀಯ ಮಾನದಷ್ಟು ವಿಟಮಿನ್ ಡಿ ಪಡೆದವರಲ್ಲಿ ಶೇ. 86 ಮಂದಿಯೂ, ಪಡೆಯದವರಲ್ಲಿ ಶೇ. 42 ಮಂದಿಯೂ ವೈರಾಣುವಿನಿಂದ ಮುಕ್ತರಾದರು. ಆದರೆ ಪ್ರಯೋಗ ಚಿಕ್ಕದಾಗಿತ್ತು. ಯಾರಿಗೆ ವಿಟಮಿನ್ ಸಿಗುತ್ತಿದೆ ಎಂಬುದನ್ನು ವೈದ್ಯರಿಂದಲೂ ರೋಗಿಗಳಿಂದಲೂ ಮರೆಮಾಡಿರಲಿಲ್ಲ.

ನಂತರದ ಫಲಿತಾಂಶಗಳು ಇದಕ್ಕೆ ಹೊಂದಿಕೆಯಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ 274 ರೋಗಿಗಳ ರಕ್ತದ ಮಾದರಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಮುಂಚಿನ ವಿಟಮಿನ್ ಡಿ ಮಟ್ಟಕ್ಕೂ ಗುಣವಾಗುವಿಕೆಗೂ ಸಂಬಂಧ ಕಂಡುಬರಲಿಲ್ಲ.

ಅಷ್ಟರಲ್ಲಿ ವೈರಾಣುವಿನ ಮೇಲೆ ನೇರವಾಗಿ ವರ್ತಿಸುವ ಔಷಧಿಗಳು ಬಂದು ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಅಮೆರಿಕದಲ್ಲಿ 2013ರಲ್ಲಿ ಅನುಮೋದನೆ ಪಡೆದ ಸೊಫೊಸ್ಬುವಿರ್ ಮತ್ತು ಅದರ ಜೊತೆಗೆ ನೀಡುವ ಡಕ್ಲಾಟಸ್ವಿರ್, ವೆಲ್ಪಟಸ್ವಿರ್ ಮುಂತಾದ ಗುಳಿಗೆಗಳು ಸಾಮಾನ್ಯವಾಗಿ 12 ವಾರಗಳಲ್ಲಿ ಶೇ. 95ರಷ್ಟು ರೋಗಿಗಳನ್ನು ಗುಣಪಡಿಸುತ್ತವೆ. ಇಷ್ಟು ಪರಿಣಾಮಕಾರಿಯಾದ ಚಿಕಿತ್ಸೆಗೆ ವಿಟಮಿನ್ ಡಿ ಸೇರಿಸಿ ಪಡೆಯಬಹುದಾದ ಹೆಚ್ಚುವರಿ ಲಾಭ ಅತ್ಯಲ್ಪ. ಹೀಗಾಗಿ ಇಂಟರ್‌ಫೆರಾನ್ ಕಾಲದ ಪ್ರಶ್ನೆಯು ಪೂರ್ಣ ಉತ್ತರ ದೊರೆಯುವ ಮುನ್ನವೇ ಪ್ರಾಯೋಗಿಕ ಮಹತ್ವವನ್ನು ಬಹುಮಟ್ಟಿಗೆ ಕಳೆದುಕೊಂಡಿತು.

ಹೆಪಟೈಟಿಸ್ ಬಿ

ಹೆಪಟೈಟಿಸ್ ಬಿ ಸೋಂಕನ್ನು ಲಭ್ಯವಿರುವ ಗುಳಿಗೆಗಳು ಹತೋಟಿಯಲ್ಲಿಡುತ್ತವೆ, ಆದರೆ ಸಂಪೂರ್ಣವಾಗಿ ನಿರ್ಮೂಲಗೊಳಿಸುವುದು ಅಪರೂಪ. ವೈರಾಣುವಿನ ಡಿಎನ್‌ಎ ಯಕೃತ್ ಕೋಶದ ಕೇಂದ್ರದಲ್ಲಿ ಉಳಿದುಕೊಳ್ಳುವುದೇ ಇದಕ್ಕೆ ಕಾರಣ. ಆದ್ದರಿಂದ ಚಿಕಿತ್ಸೆಯು ಅನೇಕ ವೇಳೆ ದೀರ್ಘಕಾಲ ಮುಂದುವರಿಯುತ್ತದೆ.

ಜರ್ಮನಿಯಲ್ಲಿ 203 ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವು, ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದ್ದವರಲ್ಲಿ ವೈರಾಣುವಿನ ಪ್ರಮಾಣ ಹೆಚ್ಚಾಗಿರುವುದನ್ನು ದಾಖಲಿಸಿತು. ಋತುಮಾನಕ್ಕೆ ತಕ್ಕಂತೆ ವಿಟಮಿನ್ ಏರಿಳಿದಾಗ ವೈರಾಣುವಿನ ಪ್ರಮಾಣವು ವಿರುದ್ಧ ದಿಕ್ಕಿನಲ್ಲಿ ಬದಲಾಗುವುದನ್ನೂ ಅದು ಗಮನಿಸಿತು. ಹಾಂಗ್‌ಕಾಂಗ್‌ನಲ್ಲಿ 426 ರೋಗಿಗಳನ್ನು ಅನುಸರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊರತೆಯಿದ್ದವರಲ್ಲಿ ಯಕೃತ್ತಿಗೆ ಸಂಬಂಧಿಸಿದ ಪ್ರತಿಕೂಲ ಪರಿಣಾಮಗಳು ಹೆಚ್ಚಾಗಿ ಕಂಡವು. ಇವೆರಡೂ ವೀಕ್ಷಣಾತ್ಮಕ ಅಧ್ಯಯನಗಳು. ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಅವು ಹೇಳುತ್ತವೆ. ಒಂದು ಮತ್ತೊಂದಕ್ಕೆ ಕಾರಣವೆಂಬುದನ್ನು ಅವು ಸಿದ್ಧಪಡಿಸಲಾರವು.

ಹೆಪಟೈಟಿಸ್ ಬಿ ಚಿಕಿತ್ಸೆಯಲ್ಲಿ ವಿಟಮಿನ್ ಡಿ ಮತ್ತೊಂದು ಕಾರಣಕ್ಕಾಗಿ ಮುಖ್ಯವಾಗುತ್ತದೆ. ವ್ಯಾಪಕ ಬಳಕೆಯಲ್ಲಿರುವ ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಫ್ಯೂಮರೇಟ್ ಔಷಧಿಯು ಕೆಲವರಲ್ಲಿ ಮೂಳೆಗಳ ಖನಿಜ ಸಾಂದ್ರತೆಯನ್ನು ತಗ್ಗಿಸುತ್ತದೆ ಮತ್ತು ಮೂತ್ರಪಿಂಡಗಳ ಮೂಲಕ ಫಾಸ್ಫೇಟ್ ನಷ್ಟವಾಗುವಂತೆ ಮಾಡುತ್ತದೆ. ವಿಟಮಿನ್ ಡಿ ಕೊರತೆಯೂ ಜೊತೆಗಿದ್ದರೆ ಮೂಳೆಗಳು ಇನ್ನಷ್ಟು ದುರ್ಬಲಗೊಳ್ಳಬಹುದು. ಮೂಳೆಸವೆತ ಅಥವಾ ಮೂತ್ರಪಿಂಡದ ತೊಂದರೆಯಿರುವವರಿಗೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಅಲಫೆನಮೈಡ್ ಔಷಧಿಗಳನ್ನು ಆಯ್ದುಕೊಳ್ಳುವ ರೂಢಿಯಿದೆ.

ಕಾರಣವೋ ಸೂಚಕವೋ

ವಿಟಮಿನ್ ಡಿ ಕೊರತೆ ಮತ್ತು ರೋಗದ ತೀವ್ರತೆ ಜೊತೆಯಾಗಿ ಕಾಣಿಸಿಕೊಳ್ಳುವುದಕ್ಕೆ ಮೂರು ವಿವರಣೆಗಳಿವೆ. ಕೊರತೆಯಿಂದ ಉರಿಯೂತ ಮತ್ತು ಫೈಬ್ರೋಸಿಸ್ ಹೆಚ್ಚುತ್ತಿರಬಹುದು. ಯಕೃತ್ತು ಹಾಳಾದುದರಿಂದ ವಿಟಮಿನ್ ಕಡಿಮೆಯಾಗುತ್ತಿರಬಹುದು. ಅಥವಾ ವಯಸ್ಸು, ಸ್ಥೂಲಕಾಯ, ಮದ್ಯಪಾನ, ಅಪೌಷ್ಟಿಕತೆಗಳಂತಹ ಮೂರನೆಯ ಅಂಶವೊಂದು ಎರಡಕ್ಕೂ ಕಾರಣವಾಗಿರಬಹುದು. ಇವುಗಳನ್ನು ಬೇರ್ಪಡಿಸಲು ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸುವ ಪ್ರಯೋಗಗಳು ಬೇಕಾಗುತ್ತವೆ.

ವಯಸ್ಕರ ದೀರ್ಘಕಾಲೀನ ಯಕೃತ್ ರೋಗಗಳಲ್ಲಿ ನಡೆದ ಇಂತಹ 27 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯು 2021ರಲ್ಲಿ ಒಟ್ಟಾಗಿ ಪರಾಮರ್ಶಿಸಿತು. ವಿಟಮಿನ್ ಡಿ ಪೂರಣವು ಮರಣವನ್ನಾಗಲಿ ಯಕೃತ್ತಿನ ತೊಡಕುಗಳನ್ನಾಗಲಿ ಕಡಿಮೆ ಮಾಡುತ್ತದೆಯೇ ಎಂದು ಹೇಳಲು ಲಭ್ಯ ಆಧಾರಗಳು ತೀರಾ ಅನಿಶ್ಚಿತವೆಂದು ಅದು ತೀರ್ಮಾನಿಸಿತು.

ಯಕೃತ್ತಿನ ಕ್ಯಾನ್ಸರ್ ವಿಷಯದಲ್ಲಿಯೂ ಪರಿಸ್ಥಿತಿ ಇದೇ ರೀತಿಯದು. ವಿಟಮಿನ್ ಡಿ ಮಟ್ಟ ಹೆಚ್ಚಿರುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಕಂಡುಬರುವುದನ್ನು ಯುರೋಪಿನ ವೀಕ್ಷಣಾತ್ಮಕ ಅಧ್ಯಯನಗಳು ಸೂಚಿಸಿವೆ. ಆದರೆ ಅಮೆರಿಕದಲ್ಲಿ 25,871 ಜನರಿಗೆ ದಿನಕ್ಕೆ 2,000 ಮಾನದಷ್ಟು ವಿಟಮಿನ್ ಡಿ ಅಥವಾ ಔಷಧಿಯಿಲ್ಲದ ಗುಳಿಗೆ ನೀಡಿ ನಡೆಸಿದ ವೈಟಲ್ ಪ್ರಯೋಗದಲ್ಲಿ ಒಟ್ಟಾರೆ ಕ್ಯಾನ್ಸರ್‌ಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಆ ಪ್ರಯೋಗ ಯಕೃತ್ ರೋಗಿಗಳಿಗೆಂದೇ ನಡೆದದ್ದಲ್ಲವಾದರೂ, ವೀಕ್ಷಣೆಯ ಫಲಿತಾಂಶವನ್ನು ಚಿಕಿತ್ಸೆಯ ಸಲಹೆಯಾಗಿ ಪರಿವರ್ತಿಸುವಾಗ ವಹಿಸಬೇಕಾದ ಎಚ್ಚರಿಕೆಯನ್ನು ಅದು ತೋರಿಸುತ್ತದೆ.

ಪೂರಣ ಮತ್ತು ಸುರಕ್ಷತೆ

ಸಿರೋಸಿಸ್ ರೋಗಿಗಳಲ್ಲಿ ಮೂಳೆಗಳು ಟೊಳ್ಳಾಗಿ ಸುಲಭವಾಗಿ ಮುರಿಯುವ ಸಂಭವ ಹೆಚ್ಚು. ಆದ್ದರಿಂದ ಕೊರತೆಯಿದ್ದಲ್ಲಿ ಅದನ್ನು ಸರಿಪಡಿಸುವುದು ಸಮಂಜಸವೆಂದು ವೈದ್ಯರು ಪರಿಗಣಿಸುತ್ತಾರೆ. ಆರೋಗ್ಯವಂತ ವಯಸ್ಕರಿಗೆ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸೂಚಿಸಿದ ದೈನಂದಿನ ಪ್ರಮಾಣವು 70 ವರ್ಷದವರೆಗೆ 600 ಮಾನ, ಆನಂತರ 800 ಮಾನ. ವೈದ್ಯರ ನಿಗಾ ಇಲ್ಲದೆ ಮೀರಬಾರದ ಮಿತಿ 4,000 ಮಾನ. ಒಂದು ಮೈಕ್ರೋಗ್ರಾಂ ವಿಟಮಿನ್ ಡಿ 40 ಮಾನಗಳಿಗೆ ಸಮ.

ಭಾರತದಲ್ಲಿ ಕೊರತೆಯ ಚಿಕಿತ್ಸೆಗೆ 60,000 ಮಾನಗಳ ಪುಡಿ ಪೊಟ್ಟಣ ಅಥವಾ ಗುಳಿಗೆಯನ್ನು ವಾರಕ್ಕೊಮ್ಮೆ, ನಿರ್ದಿಷ್ಟ ವಾರಗಳವರೆಗೆ ನೀಡುವ ಪದ್ಧತಿಯಿದೆ. ಇದನ್ನು ತಪ್ಪಾಗಿ ಪ್ರತಿದಿನ ಸೇವಿಸಿದರೆ ಅಥವಾ ಸೂಚಿಸಿದ ಅವಧಿ ಮುಗಿದ ಮೇಲೂ ಮುಂದುವರಿಸಿದರೆ ವಿಟಮಿನ್ ದೇಹದ ಕೊಬ್ಬಿನಲ್ಲಿ ಶೇಖರಗೊಂಡು ವಿಷವಾಗಬಲ್ಲದು. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಅತಿಯಾಗಿ ಹೆಚ್ಚುತ್ತದೆ. ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಗೊಂದಲ ಮತ್ತು ಮೂತ್ರಪಿಂಡದ ಹಾನಿ ಇದರ ಲಕ್ಷಣಗಳು. ಸಿರೋಸಿಸ್ ಇರುವವರಲ್ಲಿ ಗೊಂದಲ ಮತ್ತು ಮಲಬದ್ಧತೆಗಳನ್ನು ಯಕೃತ್ತಿನ ತೊಡಕೆಂದೇ ತಪ್ಪು ತಿಳಿಯುವ ಸಾಧ್ಯತೆ ಇರುವುದರಿಂದ ಅಪಾಯ ಹೆಚ್ಚು.

ವಿಟಮಿನ್ ಡಿ ಸೇವನೆಯು ವೈರಾಣು ನಿರೋಧಕ ಔಷಧಿಗೆ ಪರ್ಯಾಯವಲ್ಲ. ಹೆಪಟೈಟಿಸ್ ಬಿ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ಹಠಾತ್ತನೆ ನಿಲ್ಲಿಸಿದರೆ ವೈರಾಣು ಮತ್ತೆ ಉಲ್ಬಣಿಸಿ ಯಕೃತ್ತಿನ ವೈಫಲ್ಯವೂ ಸಂಭವಿಸಬಹುದು. ಹೆಪಟೈಟಿಸ್ ಸಿ ರೋಗಿಯು ಪೋಷಕಾಂಶವನ್ನೇ ನಂಬಿ ಚಿಕಿತ್ಸೆಯನ್ನು ಮುಂದೂಡಿದರೆ, ಕೆಲವೇ ತಿಂಗಳುಗಳಲ್ಲಿ ಗುಣವಾಗಬಹುದಾದ ಸೋಂಕು ಸಿರೋಸಿಸ್‌ಗೆ ತಿರುಗಬಹುದು.

ಭಾರತದಲ್ಲಿ ಚಿಕಿತ್ಸೆಯ ಲಭ್ಯತೆ

ಭಾರತ ಸರ್ಕಾರವು 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನದಂದು, ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಇದರಡಿ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳ ಪರೀಕ್ಷೆ ಮತ್ತು ಔಷಧಿಗಳನ್ನು ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಒದಗಿಸಲಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಭಾಗವಾಗಿದ್ದು, ಮೊದಲ ಡೋಸನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ ನೀಡಲಾಗುತ್ತದೆ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಗೆ ಅದು ದೀರ್ಘಕಾಲೀನವಾಗುವುದರಿಂದ ಈ ಡೋಸ್ ಅತ್ಯಂತ ಮಹತ್ವದ್ದು. ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆ ಲಭ್ಯವಿಲ್ಲ.